ಬೊಂಬಾಯಿಯ ವಾಡಿಯಾಗಳನ್ನು ಪಠ್ಯಪುಸ್ತಕಕ್ಕೆ ತನ್ನಿ

"ಇಂಗ್ಲಿಷರು ಬರದೇ ಹೋಗಿದ್ದರೆ ನಮಗೆ ರೈಲೂ ಇರುತ್ತಿರಲಿಲ್ಲ, ಹಡಗೂ ಇರುತ್ತಿರಲಿಲ್ಲ" ಅನ್ನುವ ಮಾತು ಇಲ್ಲಿ ಆಗಾಗ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ರೈಲಿನ ವಿಷಯ ಇನ್ನೊಮ್ಮೆ ಮಾತಾಡೋಣ. ಹಡಗಿನ ಮಟ್ಟಿಗಂತೂ ಈ ಮಾತು ಪೂರ್ತಿ ತಲೆಕೆಳಗು. ನೆಪೋಲಿಯನ್ನನ ಜೊತೆ ಜೀವನ್ಮರಣದ ಯುದ್ಧದಲ್ಲಿದ್ದ ಬ್ರಿಟಿಷ್ ನೌಕಾಪಡೆ ತನಗೆ ಯುದ್ಧನೌಕೆ ಕಟ್ಟಿಕೊಡಿ ಎಂದು ಬಂದದ್ದು ಬೊಂಬಾಯಿಯ ಒಂದು ಪಾರ್ಸಿ ಬಡಗಿ ಮನೆತನದ ಬಳಿಗೆ. ಅವರೇ ವಾಡಿಯಾಗಳು. ಇವತ್ತು ನಮ್ಮ ಮಕ್ಕಳು ತಿನ್ನುವ ಬ್ರಿಟಾನಿಯಾ ಬಿಸ್ಕತ್ತಿನ ಕಂಪನಿಯ ಒಡೆತನ ಅದೇ ಮನೆತನದ್ದು. ಬಿಸ್ಕತ್ತು ಎಲ್ಲರಿಗೂ ಗೊತ್ತು, ಹಡಗು ಯಾರಿಗೂ ಗೊತ್ತಿಲ್ಲ. ನನಗೆ ಬೇಜಾರಾಗುವುದು ಅಲ್ಲೇ.

ಕಥೆ ಶುರುವಾಗುವುದು ಸೂರತ್ತಿನಲ್ಲಿ. ಅಲ್ಲಿ ಹಡಗಿನ ಬಡಗಿಯಾಗಿದ್ದ ಲವ್ಜಿ ನುಸ್ಸರ್ವಾನ್ಜಿ ವಾಡಿಯಾನ ಕೆಲಸ ಮೆಚ್ಚಿ ಈಸ್ಟ್ ಇಂಡಿಯಾ ಕಂಪನಿ 1736ರಲ್ಲಿ ಅವನನ್ನು ಬೊಂಬಾಯಿಗೆ ಕರೆಸಿಕೊಂಡಿತು. ಜೊತೆಗೆ ಕೆಲವು ಬಡಗಿಗಳೂ ಬಂದರು. ಬೊಂಬಾಯಿ ಆಗಿನ್ನೂ ಸೂರತ್ತಿನ ಮುಂದೆ ಚಿಕ್ಕ ಊರು. 1750ರಲ್ಲಿ ಅಲ್ಲಿ ಕಲ್ಲಿನ ಡ್ರೈ ಡಾಕ್, ಅಂದರೆ ಹಡಗನ್ನು ಒಣ ನೆಲದ ಮೇಲೆ ನಿಲ್ಲಿಸಿ ಕೆಲಸ ಮಾಡುವ ಕಟ್ಟೆ, ಎದ್ದಿತು. ಏಷ್ಯಾದಲ್ಲೇ ಮೊದಲನೆಯದು ಎನ್ನುತ್ತಾರೆ.

ಅದು ಕೆಲಸ ಮಾಡುವ ಬಗೆ ನನಗೆ ಬಹಳ ಇಷ್ಟ. ಬೊಂಬಾಯಿಯಲ್ಲಿ ಸಮುದ್ರದ ಉಬ್ಬರ-ಇಳಿತ ಜೋರು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಂತೂ ಇನ್ನೂ ಜೋರು. ಉಬ್ಬರದಲ್ಲಿ ಹಡಗನ್ನು ಡಾಕಿನೊಳಗೆ ತರುವುದು, ಇಳಿತದಲ್ಲಿ ನೀರು ತಾನಾಗಿ ಹೊರಗೆ ಹೋದ ಮೇಲೆ ಬಾಗಿಲು ಮುಚ್ಚಿ ಒಣ ನೆಲದ ಮೇಲೆ ಹಡಗಿನ ತಳ ರಿಪೇರಿ ಮಾಡುವುದು. ಹೊಸ ಹಡಗನ್ನೂ ಅಲ್ಲೇ ಕಟ್ಟಿ, ದೊಡ್ಡ ಉಬ್ಬರ ಬರುವ ದಿನಕ್ಕೆ ಕಾದು, ಬಾಗಿಲು ತೆಗೆದು ತೇಲಿಸಿಬಿಡುತ್ತಿದ್ದರು. ದೂಡುವ ಗೋಜಿಲ್ಲ, ಜಾರಿಸುವ ಗೋಜಿಲ್ಲ. ಸಾವಿರಾರು ಮಣ ಮರವನ್ನು ಸಮುದ್ರವೇ ಎತ್ತಿಕೊಂಡು ಹೋಗುತ್ತಿತ್ತು.

ಇನ್ನು ಮರ. ಇಂಗ್ಲೆಂಡಿನವರು ಹಡಗು ಕಟ್ಟುತ್ತಿದ್ದದ್ದು ಓಕ್ ಮರದಲ್ಲಿ. ಓಕ್‌ನಲ್ಲಿರುವ ಆಮ್ಲ ಕಬ್ಬಿಣದ ಬೋಲ್ಟನ್ನು ತಿನ್ನುತ್ತದೆ. ನಮ್ಮ ತೇಗದ ಎಣ್ಣೆ ಅದೇ ಬೋಲ್ಟನ್ನು ತುಕ್ಕಿನಿಂದ ಕಾಯುತ್ತದೆ. ಗುಂಡು ಬಡಿದಾಗ ಓಕ್ ಸಿಡಿದು ಹಾರುವ ಚೂರುಗಳೇ ಹೆಚ್ಚು ಜನರನ್ನು ಕೊಲ್ಲುತ್ತಿದ್ದವು. ತೇಗ ಅಷ್ಟು ಸಿಡಿಯುವುದಿಲ್ಲ. ಯುರೋಪಿನಲ್ಲಿ ಹಲಗೆಗಳನ್ನು ಪಕ್ಕಪಕ್ಕ ಇಟ್ಟು ಸಂದಿಗೆ ನಾರು ತುರುಕಿ ಡಾಂಬರು ಬಳಿಯುತ್ತಿದ್ದರು. ಸೂರತ್ತು, ಬೊಂಬಾಯಿಯ ಬಡಗಿಗಳು ಹಲಗೆಯ ಅಂಚನ್ನು ಮೆಟ್ಟಿಲಿನಂತೆ ಕೆತ್ತಿ ಒಂದರೊಳಗೊಂದು ಕೂರಿಸುತ್ತಿದ್ದರು. ಕೂತ ಮೇಲೆ ಎರಡು ಹಲಗೆ ಅಂತ ಅನಿಸಬಾರದು, ಹಾಗೆ. ಇದಕ್ಕೆ ತಾಳ್ಮೆ ಬೇಕು, ಕಣ್ಣಳತೆ ಬೇಕು, ಅಪ್ಪನ ಪಕ್ಕದಲ್ಲಿ ಹುಡುಗನಿದ್ದಾಗಿಂದ ಉಳಿ ಹಿಡಿದಿರಬೇಕು.

ಲವ್ಜಿಯ ಮೊಮ್ಮಗ ಜಮ್ಶೆಟ್ಜಿ ಬೊಮನ್ಜಿಯ ಕಾಲ ಈ ಮನೆತನದ ಉಚ್ಛ್ರಾಯ ಕಾಲ. 1810ರ ಜೂನ್ 19ರಂದು ಅವನು ಕಟ್ಟಿದ ಮಿಂಡೆನ್ ನೀರಿಗಿಳಿಯಿತು. 74 ಫಿರಂಗಿಗಳ ಹಡಗು. ಬ್ರಿಟಿಷ್ ನೌಕಾಪಡೆ ತನ್ನ ಮೊದಲ ಸಾಲಿನ ಯುದ್ಧನೌಕೆಯೊಂದನ್ನು ಬ್ರಿಟನ್ನಿನ ಹೊರಗೆ ಕಟ್ಟಿಸಿದ್ದು ಅದೇ ಮೊದಲು. ಇಂಗ್ಲೆಂಡಿನ ಗ್ರೀನಿಚ್‌ನ ನೌಕಾ ವಸ್ತುಸಂಗ್ರಹಾಲಯದಲ್ಲಿ ಜಮ್ಶೆಟ್ಜಿಯ ತೈಲಚಿತ್ರವಿದೆ. ಶಾಲು, ಪಾರ್ಸಿ ಪಗಡಿ, ಕೈಯಲ್ಲಿ ಕೈವಾರ, ನಡುಕಟ್ಟಿನಲ್ಲಿ ಸಿಕ್ಕಿಸಿದ ಬೆಳ್ಳಿಯ ಅಳತೆಪಟ್ಟಿ. ಕಂಪನಿ ಮೆಚ್ಚಿ ಕೊಟ್ಟ ಪಟ್ಟಿ ಅದು. ಜಮೀನ್ದಾರನ ಗತ್ತಿನಲ್ಲಿ ಕೂರಿಸಿ ಬರೆಸಿಕೊಳ್ಳಬಹುದಿತ್ತು. ಆ ಮನುಷ್ಯ ತನ್ನ ಕಸುಬಿನ ಸಾಮಾನು ಹಿಡಿದೇ ಬರೆಸಿಕೊಂಡ.

ಇನ್ನೊಂದು ಸಂಗತಿ ಹೇಳಿಕೊಂಡು ಬಂದಿದ್ದಾರೆ. 1800ರಲ್ಲಿ ಕಟ್ಟಿದ ಕಾರ್ನ್‌ವಾಲಿಸ್ ಎಂಬ ಹಡಗಿನ ಒಳತೊಲೆಯ ಮೇಲೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಜಮ್ಶೆಟ್ಜಿ ಇಂಗ್ಲಿಷಿನಲ್ಲಿ ಒಂದು ಸಾಲು ಕೆತ್ತಿದ್ದನಂತೆ: ಈ ಹಡಗನ್ನು ಕಟ್ಟಿದ್ದು ಒಬ್ಬ ಹಾಳು ಕರಿಯ, ಅಂತ. ವರ್ಷಗಳ ನಂತರ ಹಡಗು ರಿಪೇರಿಗೆ ಬಂದಾಗ ಅದನ್ನು ತಾನೇ ತೋರಿಸಿದನಂತೆ. ಬಿಳಿಯರು ಬೆನ್ನ ಹಿಂದೆ ಏನೆನ್ನುತ್ತಾರೆ ಅನ್ನುವುದು ಅವನಿಗೆ ಗೊತ್ತಿತ್ತು. ಬಾಯಿ ಮಾಡಲಿಲ್ಲ. ಆ ಬೈಗುಳವನ್ನೇ ತನ್ನ ರುಜು ಮಾಡಿಕೊಂಡ. ನನಗೆ ಅವನ ಮೇಲೆ ಅಪಾರ ಗೌರವ ಹುಟ್ಟಿದ್ದು ಇದನ್ನು ಓದಿದ ಮೇಲೆ.

ಹೆಮ್ಮೆಯ ಜೊತೆಗೆ ಹೇಳಲೇಬೇಕಾದ ಮಾತೂ ಇದೆ. ಈ ಹಡಗುಗಳು ಹೋದದ್ದೆಲ್ಲಿಗೆ? 1815ರಲ್ಲಿ ಬೊಂಬಾಯಿಯಲ್ಲಿ ಕಟ್ಟಿದ ವೆಲ್ಲೆಸ್ಲಿ 1839ರಲ್ಲಿ ಕರಾಚಿಯ ಮೇಲೆ ಗುಂಡು ಹಾರಿಸಿ ಅದನ್ನು ಬ್ರಿಟಿಷರ ಕೈಗೆ ಹಾಕಿತು. ಮಾರನೇ ವರ್ಷ ಅಫೀಮು ಯುದ್ಧಕ್ಕೆ ಚೀನಾಕ್ಕೆ ಹೋಯಿತು. 1813ರ ಇನ್ನೊಂದು ಕಾರ್ನ್‌ವಾಲಿಸ್‌ನ ಮೇಲೆಯೇ 1842ರ ಆಗಸ್ಟ್ 29ರಂದು ಆ ಯುದ್ಧ ಮುಗಿಸಿದ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು, ಹಾಂಗ್‌ಕಾಂಗ್ ಬ್ರಿಟಿಷರದಾಯಿತು. ಕೈಕೆಲಸ ನಮ್ಮದು, ಲಾಭ ಅವರದು, ಪೆಟ್ಟು ತಿಂದವರು ನಮ್ಮಂಥವರೇ. ವಾಡಿಯಾಗಳನ್ನು ಕೊಂಡಾಡುವವರು ಈ ಪುಟವನ್ನು ಹಾರಿಸಿಬಿಡುತ್ತಾರೆ. ಅದು ಸರಿಯಲ್ಲ. ಪೂರ್ತಿ ಹೇಳಿದರೂ ಅವರ ಕಸುಬಿನ ಬೆಲೆ ಒಂದು ಕಾಸೂ ಕಡಿಮೆಯಾಗುವುದಿಲ್ಲ.

ನಮ್ಮ ಕಾಡಿನ ಮಾತೂ ಇದರಲ್ಲೇ ಬರುತ್ತದೆ. ಬೊಂಬಾಯಿಗೆ ಮುಖ್ಯವಾಗಿ ಹೋಗುತ್ತಿದ್ದದ್ದು ಮಲಬಾರಿನ ತೇಗ, ಕೆನರಾದಿಂದಲೂ ಹೋಗುತ್ತಿತ್ತು. ಈ ತೇಗದ ಬೆಲೆ ಟಿಪ್ಪುವಿಗೂ ಗೊತ್ತಿತ್ತು. 1796ರಲ್ಲಿ 40 ಯುದ್ಧನೌಕೆ ಕಟ್ಟಲು ಅಪ್ಪಣೆ ಕೊಟ್ಟು ನಮ್ಮ ಕರಾವಳಿಯಲ್ಲಿ ಕೆಲಸ ಹೂಡಿದ್ದ. ಮೂರೇ ವರ್ಷಕ್ಕೆ ಶ್ರೀರಂಗಪಟ್ಟಣ ಬಿತ್ತು, 1792ರಲ್ಲೇ ಕೈಸೇರಿದ್ದ ಮಲಬಾರಿನ ಜೊತೆ ಕೆನರಾದ ಕಾಡೂ ಕಂಪನಿಯ ಪಾಲಾಯಿತು. 1806ರಲ್ಲಿ ಕಂಪನಿ ಮಲಬಾರು, ತಿರುವಾಂಕೂರಿನ ಕಾಡಿಗೆ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಕನ್ಸರ್ವೇಟರ್ ಮಾಡಿ ಕೂರಿಸಿತು. ದೇಶದ ಮೊದಲ ಅರಣ್ಯಾಧಿಕಾರಿ ಅವನೇ. ಅವನನ್ನು ನೇಮಿಸಿದ್ದು ಕಾಡಿನ ಮೇಲಿನ ಪ್ರೀತಿಯಿಂದಲ್ಲ, ನೌಕಾಪಡೆಗೆ ತೇಗ ತಪ್ಪಬಾರದು ಅಂತ. ಒಕ್ಕಲಿನವನ ಹಿತ್ತಲಿನ ತೇಗಕ್ಕೂ ಸರ್ಕಾರದ ಮುದ್ರೆ ಬಿದ್ದದ್ದು ಆ ಹೊತ್ತಿನಲ್ಲಿ. ಮರ ಕಡಿದವರ, ಹೊಳೆಯಲ್ಲಿ ದಿಮ್ಮಿ ತೇಲಿಸಿದವರ ಹೆಸರು ಒಂದೂ ಉಳಿದಿಲ್ಲ. ಡಾಕಿನಲ್ಲಿ ಜಮ್ಶೆಟ್ಜಿಯ ಕೈಕೆಳಗೆ ಕೆಲಸ ಮಾಡಿದ ನೂರಾರು ಬಡಗಿಗಳ ಗತಿಯೂ ಅದೇ.

ಹಾಗಾದರೆ ಈ ಕಸುಬು ನಿಂತದ್ದು ಯಾಕೆ? "ಉಗಿ ಬಂತು, ಕಬ್ಬಿಣ ಬಂತು, ಇವರಿಗೆ ಹೊಸದನ್ನು ಕಲಿಯಲು ಆಗಲಿಲ್ಲ" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಇದೇ ಮನೆತನದ ಅರ್ದೇಶಿರ್ ಕರ್ಸೆಟ್ಜಿ 1833ರಲ್ಲೇ ತಾನು ಕಟ್ಟಿದ ಚಿಕ್ಕ ಹಡಗಿಗೆ ಉಗಿಯಂತ್ರ ಕೂರಿಸಿದ, ತನ್ನ ಮನೆಗೆ ಗ್ಯಾಸ್ ದೀಪ ಹಾಕಿಸಿದ. 1841ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಫೆಲೋ ಆದ, ಆ ಗೌರವ ಪಡೆದ ಮೊದಲ ಭಾರತೀಯ. ಅವನ ದಾಯಾದಿಗಳಾದ ಜಹಾಂಗೀರ್ ನವರೋಜಿ, ಹಿರ್ಜಿಭಾಯ್ ಮೆರ್ವಾನ್ಜಿ 1838ರಲ್ಲಿ ಇಂಗ್ಲೆಂಡಿಗೆ ಹೋಗಿ ಉಗಿಹಡಗು ಕಟ್ಟುವುದನ್ನು ಕಲಿತು ಬಂದರು. ಕಲಿಯದವರು ಹೀಗಿರುತ್ತಾರೆಯೇ? ಆಟ ಕೆಟ್ಟದ್ದು ಬೇರೆ ಕಡೆ. ಥೇಮ್ಸ್ ದಂಡೆಯ ಹಡಗು ಕಟ್ಟುವವರು ಭಾರತದ ಹಡಗು ತಮ್ಮ ಅನ್ನ ಕಸಿಯುತ್ತದೆ ಎಂದು ಗಲಾಟೆ ಎಬ್ಬಿಸಿದ್ದರು. 1814ರಲ್ಲಿ ಅವರ ಅರ್ಜಿಗಳ ವಿಚಾರಣೆ ಪಾರ್ಲಿಮೆಂಟಿನ ಸಮಿತಿಯ ಮುಂದೆಯೇ ನಡೆಯಿತು. ಬೊಂಬಾಯಿಯಲ್ಲಿ ಏನು ಕಟ್ಟಬೇಕು, ಎಷ್ಟು ಕಟ್ಟಬೇಕು ಅನ್ನುವುದನ್ನು ತೀರ್ಮಾನಿಸುತ್ತಿದ್ದವರು ಲಂಡನ್ನಿನವರು. ತೀರ್ಮಾನ ಅಲ್ಲಿ, ಉಳಿ ಇಲ್ಲಿ. ಇಂಥ ವ್ಯವಸ್ಥೆಯಲ್ಲಿ ಯಾವ ಕಸುಬು ಮುಂದಿನ ಕಾಲಕ್ಕೆ ದಾಟೀತು?

ಅವರ ಕೆಲಸ ಎಂಥದ್ದು ಅನ್ನುವುದಕ್ಕೆ ಸಾಕ್ಷಿ ಇವತ್ತಿಗೂ ತೇಲುತ್ತಿದೆ. ಟ್ರಿಂಕೋಮಲಿ ಎಂಬ ಹಡಗಿನ ನಕ್ಷೆ ಮೊದಲ ಸಲ ಬೊಂಬಾಯಿಗೆ ಬರುವಾಗ, ಅದನ್ನು ಹೊತ್ತ ಜಾವಾ ಎಂಬ ಹಡಗು 1812ರ ಡಿಸೆಂಬರಿನಲ್ಲಿ ಅಮೆರಿಕನ್ನರ ಕೈಗೆ ಸಿಕ್ಕಿ ನಾಶವಾಯಿತು. ಮತ್ತೆ ನಕ್ಷೆ ಕಳಿಸಿದರು. 1817ರ ಅಕ್ಟೋಬರ್ 12ರಂದು ಜಮ್ಶೆಟ್ಜಿ ಹಡಗು ನೀರಿಗಿಳಿಸಿದ. ಅದು ಈಗ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿದೆ. ಬ್ರಿಟನ್ನಿನಲ್ಲಿ ತೇಲುತ್ತಿರುವ ಯುದ್ಧನೌಕೆಗಳಲ್ಲಿ ಅತಿ ಹಳೆಯದು. 1990ರ ನಂತರ ದುರಸ್ತಿಗೆ ಬಿಚ್ಚಿದಾಗ ಅರ್ಧಕ್ಕಿಂತ ಹೆಚ್ಚು ಮರ ಮೊದಲಿನದೇ ಇತ್ತು, ಗಟ್ಟಿಯಾಗೇ ಇತ್ತು. ಟಿಕೆಟ್ ಕೊಂಡು ಹೋಗಿ ಆ ತೇಗವನ್ನು ಮುಟ್ಟಿ ನೋಡಬಹುದು.

ಲವ್ಜಿಯ ಕಾಲದ ಡಾಕ್ ಮುಂಬೈಯ ನೌಕಾನೆಲೆಯ ಗೋಡೆಯೊಳಗಿದೆ. ಭದ್ರತೆಯ ಜಾಗ, ದಿನಾ ಬಿಡಿ ಅಂತ ಯಾರೂ ಕೇಳುತ್ತಿಲ್ಲ. ಡಿಸೆಂಬರಿನ ನೌಕಾಪಡೆ ದಿನಾಚರಣೆಯ ಹೊತ್ತಿಗಾದರೂ ಶಾಲೆ ಮಕ್ಕಳನ್ನು ಒಳಗೆ ಬಿಟ್ಟು ಆ ಕಲ್ಲುಗಳನ್ನು ತೋರಿಸಲಿ. ನಮ್ಮ ಹೈಸ್ಕೂಲಿನ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಕಂಪನಿಯ ಪಾಠ ಬರುತ್ತದಲ್ಲ, ಅಲ್ಲಿ ಜಮ್ಶೆಟ್ಜಿಗೆ ಒಂದು ಪುಟ ಕೊಡಲಿ, ಕೈವಾರ ಹಿಡಿದ ಆ ಚಿತ್ರದ ಸಮೇತ. ಪಠ್ಯಪುಸ್ತಕ ಸಮಿತಿಯಲ್ಲಿರುವವರು, ಇತಿಹಾಸದ ಮೇಷ್ಟ್ರುಗಳು ನನ್ನ ಸ್ನೇಹಿತರ ಪಟ್ಟಿಯಲ್ಲಿ ಇದ್ದೀರಿ. ಇದನ್ನು ಮುಂದಕ್ಕೆ ಒಯ್ಯಲು ಏನು ಮಾಡಬಹುದು, ಹೇಳಿ. ಅರ್ಜಿ ಬರೆಯುವ ಕೆಲಸ ನನ್ನದು.