ಚೆಸ್‌ನಲ್ಲಿ ಹೊಸಬರು ಕಿಂಗ್ಸ್ ಗ್ಯಾಂಬಿಟ್ ಆಡಬೇಕಾ?

ಪರ: ಆಡಲಿ, ನಡುಮನೆಗಳ ಬೆಲೆ ಗೊತ್ತಾಗುತ್ತದೆ

ಕಿಂಗ್ಸ್ ಗ್ಯಾಂಬಿಟ್ ಶುರುವಾಗೋದು ಹೀಗೆ: ಬಿಳಿ ಕಾಲಾಳು ಇ4ಕ್ಕೆ, ಕಪ್ಪು ಕಾಲಾಳು ಇ5ಕ್ಕೆ (ನೇರ ಸಾಲುಗಳಿಗೆ ಎಯಿಂದ ಎಚ್‌ವರೆಗೆ ಅಕ್ಷರ, ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8). ಎರಡನೇ ನಡೆಗೇ ಬಿಳಿಯವರು ಎಫ್4ಕ್ಕೆ ಕಾಲಾಳು ತಳ್ಳಿ, ‘ಬೇಕಾದ್ರೆ ಹೊಡಿ’ ಅನ್ನುತ್ತಾರೆ. ಸುಮ್ನೆ ಒಂದು ಕಾಯಿ ದಾನ ಮಾಡಿದ ಹಾಗೆ ಕಾಣುತ್ತದೆ, ಅಲ್ವಾ? ಕಪ್ಪು ಹೊಡೆದ ಮೇಲೆ ಬೋರ್ಡ್ ನೋಡಿ. ಇ5ರಲ್ಲಿ ಕೂತು ಡಿ4 ಮನೆ ಕಾಯುತ್ತಿದ್ದ ಕಾಲಾಳು ಪಕ್ಕಕ್ಕೆ ಸರಿದಿದೆ. ಇನ್ನು ಡಿ4 ಆಡಿದರೆ ನಡುವಿನಲ್ಲಿ ಬಿಳಿಯ ಎರಡು ಕಾಲಾಳು ಪಕ್ಕಪಕ್ಕ ನಿಲ್ಲುತ್ತವೆ. ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸೋದು) ಮಾಡಿದರೆ ಆನೆ ಎಫ್ ಸಾಲಿಗೆ ಬರುತ್ತದೆ. ಆ ಸಾಲಿನ ಆಚೆ ತುದಿಯಲ್ಲಿ ಎಫ್7. ಆಟದ ಶುರುವಿನಲ್ಲಿ ಅದನ್ನು ಕಾಯೋದು ರಾಜ ಒಬ್ಬನೇ.

ನಡು ಹಿಡಿಯಿರಿ ಎಂದು ಕೋಚ್‌ಗಳು ಹೇಳುತ್ತಲೇ ಇರುತ್ತಾರೆ. ಯಾಕೆ ಅನ್ನೋದು ಮಕ್ಕಳ ತಲೆಗೆ ಹೋಗೋದು ಇಂಥ ಆಟದಲ್ಲಿ.

1851ರಲ್ಲಿ ಲಂಡನ್ನಿನಲ್ಲಿ ಚೆಸ್ ಆಟಗಾರ ಆಂಡರ್ಸನ್ ಈ ಓಪನಿಂಗಿನಲ್ಲೇ (ಆಟ ಶುರು ಮಾಡೋ ನಡೆಗಳ ಕ್ರಮ) ಕೀಸೆರಿಟ್ಸ್ಕಿಯನ್ನು ಸೋಲಿಸಿದರು. ಒಂದು ಒಂಟೆ, ಎರಡೂ ಆನೆ, ಕೊನೆಗೆ ರಾಣಿಯನ್ನೂ ಕೊಟ್ಟರು. ಉಳಿದ ಎರಡು ಕುದುರೆ, ಒಂದು ಒಂಟೆಯಲ್ಲೇ ಮೇಟ್, ಅಂದರೆ ರಾಜನಿಗೆ ತಪ್ಪಿಸಿಕೊಳ್ಳೋ ದಾರಿಯೇ ಇಲ್ಲ! ಆಗ ಕಪ್ಪಿನ ರಾಣಿ ಎ1 ಮೂಲೆಯಲ್ಲಿ ಆನೆ ತಿಂದು ಕೂತಿತ್ತು. ಕಾಯಿ ಎಣಿಸೋದೇ ಚೆಸ್ ಅಂದುಕೊಂಡ ಮಗುವಿಗೆ ಈ ಆಟ ಒಮ್ಮೆ ತೋರಿಸಿ.

ವಿರೋಧ: ಬೇಡ, ರಾಜನ ಬಾಗಿಲು ತೆರೆದು ಆಡೋದು ಆಮೇಲೆ

ಆ ಆಟ ಚೆಂದ, ಒಪ್ಪಿದೆ. ಆದರೆ ಆ ಕಾಲದವರು ಕೊಟ್ಟದ್ದನ್ನೆಲ್ಲ ತಿನ್ನುತ್ತಿದ್ದರು. ಇವತ್ತಿನವರು ತಿಂದದ್ದನ್ನು ವಾಪಸ್ ಕೊಡುತ್ತಾರೆ. ಬಿಳಿ ಕುದುರೆ ಎಫ್3ಕ್ಕೆ ಬಂದ ಕೂಡಲೇ ಕಪ್ಪು ಕಾಲಾಳು ಡಿ5ಕ್ಕೆ. ಇ4ರ ಕಾಲಾಳು ಅದನ್ನು ಹೊಡೆದರೆ ಕಪ್ಪು ಕುದುರೆ ಎಫ್6ಕ್ಕೆ. ಪಕ್ಕಪಕ್ಕ ನಿಲ್ಲುತ್ತವೆ ಅಂದ ಆ ಜೋಡಿ ಎಲ್ಲಿ ಈಗ?

ಎಫ್ ಕಾಲಾಳು ಹೋದರೆ ಎಚ್4ರಿಂದ ಇ1ವರೆಗಿನ ಓರೆದಾರಿ ಬರಿದಾಗುತ್ತದೆ. ಆ ದಾರಿಯ ಕೊನೆಗೆ ಬಿಳಿಯ ರಾಜನೇ ಇದ್ದಾನೆ. ಒಮ್ಮೆ ಒಂದು ಸಣ್ಣ ಟೂರ್ನಿಯಲ್ಲಿ ನಾನು ಎಫ್4 ಆಡಿದೆ. ಎದುರಿಗಿದ್ದ ಹುಡುಗ ಅದನ್ನು ಮುಟ್ಟಲೇ ಇಲ್ಲ, ಒಂಟೆಯನ್ನು ಸಿ5ಕ್ಕೆ ತಂದ. ನಾನು ಆಸೆಪಟ್ಟು ಇ5 ಹೊಡೆದೆ. ರಾಣಿ ಎಚ್4, ಚೆಕ್. ಜಿ3 ಆಡಿದ್ದರೆ ಅವನ ರಾಣಿ ಇ4 ತಿಂದು, ಇನ್ನೊಂದು ಚೆಕ್ ಕೊಟ್ಟು, ಮೂಲೆಯ ಆನೆಗೆ ಬಾಯಿ ಹಾಕುತ್ತಿತ್ತು. ಗಾಬರಿಯಲ್ಲಿ ರಾಜನನ್ನು ಇ2ಕ್ಕೆ ಇಟ್ಟೆ. ರಾಣಿ ಇ4 ಹೊಡೆಯಿತು. ಮೇಟ್. ನಾಲ್ಕೇ ನಡೆ.

1960ರಲ್ಲಿ ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ, ಮುಂದೆ ವಿಶ್ವ ಚಾಂಪಿಯನ್ ಆದ ಫಿಶರ್ ಕೂಡ ಈ ಓಪನಿಂಗಿಗೇ ಸ್ಪಾಸ್ಕಿ ಎದುರು ಸೋತರು. ಮರುವರ್ಷ ಒಂದು ಲೇಖನ ಬರೆದು, ಮೂರನೇ ನಡೆಗೆ ಕಪ್ಪು ಡಿ6 ಆಡಿದರೆ ಬಿಳಿ ಸೋತಂತೆಯೇ ಎಂದರು. ಅದು ಸ್ವಲ್ಪ ಜಾಸ್ತಿಯೇ ಆಯ್ತು ಅನ್ನಿ. ಆಮೇಲೆ ಅವರೇ ಬಿಳಿ ಹಿಡಿದು ಇದನ್ನು ಆಡಿದರಲ್ಲ ಎಂದು ನೀವು ಕೇಳಬಹುದು. ಆಡಿದರು, ಆದರೆ ಕಲಿಯೋ ಹುಡುಗರು ಫಿಶರ್ ಅಲ್ಲ.

ನಡುವೇ ಬೇಕಿದ್ದರೆ ಇಟಾಲಿಯನ್ ಅನ್ನೋ ಇನ್ನೊಂದು ಓಪನಿಂಗ್ ಇದೆ. ಸಿ3 ಆಡಿ, ಆಮೇಲೆ ಡಿ4 ತಳ್ಳಿ. ಎಫ್ ಕಾಲಾಳು ಮನೆಯಲ್ಲೇ ಇರಲಿ.