ಸ್ಪಷ್ಟನೆ: ನ್ಯೂಯಾರ್ಕ್ ಟೈಮ್ಸ್ ಆಟದ ಸುದ್ದಿ ನಿಲ್ಸಿಲ್ಲ
"ನ್ಯೂಯಾರ್ಕ್ ಟೈಮ್ಸ್ ಸ್ಪೋರ್ಟ್ಸ್ ಸುದ್ದಿನೇ ಬಿಟ್ಬಿಡ್ತು, ರಿಪೋರ್ಟರ್‌ಗಳನ್ನೆಲ್ಲ ಮನೆಗೆ ಕಳಿಸ್ತು" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ, ಅದು ಸರಿಯಿಲ್ಲ. 2023ರ ಜುಲೈನಲ್ಲಿ ಅವ್ರು ಮುಚ್ತೀವಿ ಅಂದಿದ್ದು ತಮ್ಮ ಸ್ಪೋರ್ಟ್ಸ್ ಡೆಸ್ಕನ್ನ (ಪೇಪರಿನೊಳಗೆ ಆಟದ ಸುದ್ದಿ ಮಾಡ್ತಿದ್ದ ವಿಭಾಗ), ಅಲ್ಲಿದ್ದ ಸುಮಾರು 35 ಜನಾನ ಬೇರೆ ವಿಭಾಗಕ್ಕೆ ಹಾಕ್ತೀವಿ, ಯಾರ ಕೆಲ್ಸಾನೂ ತೆಗಿಯಲ್ಲ ಅಂತ ಆಗ್ಲೇ ಹೇಳಿದ್ರು. ಆಟದ ಸುದ್ದಿ ಈಗ ದಿ ಅಥ್ಲೆಟಿಕ್‌ನಿಂದ ಬರುತ್ತೆ, ಅದು 2022ರಲ್ಲಿ 55 ಕೋಟಿ ಡಾಲರ್ ಕೊಟ್ಟು ಇವ್ರೇ ಕೊಂಡ್ಕೊಂಡ ಸಬ್‌ಸ್ಕ್ರಿಪ್ಷನ್ ಸೈಟು, ಅದ್ರ ಲೇಖನಗಳೇ ಪ್ರಿಂಟ್ ಪೇಪರ್‌ಗೂ ಹೋಗುತ್ವೆ. ಹಾಗಂತ ಎಲ್ಲಾ ಸುಸೂತ್ರ ಅಂತಲ್ಲ, ಟೈಮ್ಸ್ ಡೆಸ್ಕಿನೋರು ಯೂನಿಯನ್‌ನಲ್ಲಿದ್ರು, ಅಥ್ಲೆಟಿಕ್‌ನೋರು ಆಗ ಇರ್ಲಿಲ್ಲ, ಯೂನಿಯನ್‌ನೋರ ಕೆಲ್ಸ ಯೂನಿಯನ್ ಇಲ್ಲದೋರಿಗೆ ಹೋಗುತ್ತೆ ಅಂತಾನೇ ಯೂನಿಯನ್ ಸಿಟ್ಟಾಗಿದ್ದು.