ದಣಪೆ ತೆಗೆದಿದೆ, ನಾಯಿ ಕಟ್ಟಿಲ್ಲ

ಯಾರು ಬೇಕಾದರೂ ಒಳಗನ್ನು ಓದಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್, ಅಂದರೆ ಮುಕ್ತ ತಂತ್ರಾಂಶದ ಲೋಕಕ್ಕೆ ಹೊಸಬರನ್ನು ಬರಮಾಡಿಕೊಳ್ಳುವ ಕಾರ್ಯಾಗಾರ ಶಿವಮೊಗ್ಗದಲ್ಲಿ ನಡೆದ ಸುದ್ದಿಯನ್ನು ನೀವೂ ಓದಿರುತ್ತೀರಿ. ದೀಪ ಬೆಳಗುತ್ತಿರುವ ಐವರು ಗಣ್ಯರು, ಐವರ ಕೈಯೂ ಒಂದೇ ಮೇಣದ ಬತ್ತಿಯ ಮೇಲೆ. ಫೋಟೊದಲ್ಲಿ ಬಾರದ ಒಂದು ಸಂಗತಿಯನ್ನು ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನು ಹೇಳಬೇಕು. ಗಣ್ಯರ ಬೆನ್ನ ಹಿಂದಿನ ಪರದೆಯ ಬಲಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಅಕ್ಷರಗಳು ದಿನವಿಡೀ ನಿಂತಿದ್ದವು. ಕಾಸು ಕೊಡದೆ ಹಾಕಿಸಿದ ವಿಂಡೋಸಿನ ಮೇಲೆ ನಿಂತು, ವಿಂಡೋಸಿನ ಬದಲಿಗೆ ಹಾಕಿಕೊಳ್ಳಬಹುದಾದ, ಕಾಸನ್ನೇ ಕೇಳದ ಲಿನಕ್ಸನ್ನು ಹೊಗಳುವುದಕ್ಕೆ ಎಂಟೆದೆ ಬೇಕು.

ಮುಖ್ಯ ಅತಿಥಿಗಳು ವಿಷಯಕ್ಕೆ ನೇರವಾಗಿ ಬಂದರು. ಸರಕಾರ 2023ರಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ ಮಾಡಿದ ಹಾಗೆ ಈ ಮಹನೀಯರು ಎಲ್ಲರಿಗೂ ಸಾಫ್ಟ್‌ವೇರ್ ಉಚಿತ ಮಾಡಿದ್ದಾರೆ ಎಂದರು. ಭಾರೀ ಚಪ್ಪಾಳೆ. 1983ರಲ್ಲಿ ಮುಕ್ತ ತಂತ್ರಾಂಶದ ಚಳವಳಿಗೆ ನಾಂದಿ ಹಾಡಿದ ಗ್ನೂ ಯೋಜನೆಯನ್ನು ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ ‘ಫ್ರೀ’ ಎಂದರೆ ಬಿಟ್ಟಿ ಅಲ್ಲ, ಸ್ವಾತಂತ್ರ್ಯ ಎಂದು ಹೇಳಿ ಹೇಳಿ ಗಡ್ಡ ಬೆಳ್ಳಗೆ ಮಾಡಿಕೊಂಡರು. ಪಾಪ, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಕನ್ನಡಕ್ಕೆ ಆ ಬಡತನವಿಲ್ಲ, ಮುಕ್ತವೂ ಇದೆ, ಬಿಟ್ಟಿಯೂ ಇದೆ. ನಾವು ತಿಳಿದೂ ತಿಳಿದೂ ಬಿಟ್ಟಿಯನ್ನೇ ಆರಿಸಿಕೊಂಡೆವು.

ಆಮೇಲೆ ಟೀ ಶರ್ಟ್ ಹಂಚಿಕೆ. ಎದೆಯ ಮೇಲೆ ‘ಹೊಸಬರಿಗೆ ಸ್ವಾಗತ’. ಇದ್ದದ್ದೆಲ್ಲ ಅತಿ ದೊಡ್ಡ ಅಳತೆಯವೇ, ಮಲೆನಾಡಿನ ಮಕ್ಕಳು ಹಲಸಿನಕಾಯಿ ತಿಂದು ಊದಿಕೊಂಡಿರುತ್ತಾರೆ ಎಂದು ಯಾರೋ ಅಂದಾಜಿಸಿರಬೇಕು. ಟೀ ಶರ್ಟಿಗೂ ಈ ಲೋಕಕ್ಕೂ ಹಳೆಯ ನಂಟು. ಅಕ್ಟೋಬರ್ ತಿಂಗಳಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ನಾಲ್ಕು ತಿದ್ದುಪಡಿ ಕಳುಹಿಸಿದವರಿಗೆ ಒಂದು ಟೀ ಶರ್ಟ್ ಎಂಬ ಹ್ಯಾಕ್ಟೋಬರ್‌ಫೆಸ್ಟ್ ಹಬ್ಬ 2020ರಲ್ಲಿ ಏನಾಯಿತೆಂದು ಗೊತ್ತಲ್ಲ? ಕಂಡ ಕಂಡ ಯೋಜನೆಗೆ ಹೋಗಿ ‘ಅದ್ಭುತ ಯೋಜನೆ’ ಎಂದು ಒಂದು ಸಾಲು ಸೇರಿಸಿ ಕಳುಹಿಸುವವರ ಜಾತ್ರೆ ನೆರೆದು, ಕೊನೆಗೆ ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಕಳುಹಿಸಬೇಕೆಂದು ನಿಯಮವನ್ನೇ ಬದಲಿಸಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ತಂತ್ರಾಂಶದ ಪರಿಚಯಪತ್ರಕ್ಕೆ ನಮ್ಮ ದೇಶದ ವಿದ್ಯಾರ್ಥಿಗಳು ನೂರಾರು ಸಂಖ್ಯೆಯಲ್ಲಿ ತಮ್ಮ ಹೆಸರು ಸೇರಿಸಲು ಹೊರಟರು, ಯಾವುದೋ ಪಾಠದ ವಿಡಿಯೊದಲ್ಲಿ ಹಾಗೆ ಮಾಡಿ ತೋರಿಸಿದ್ದರಂತೆ. ನನಗೆ ಆಶ್ಚರ್ಯವಾಗಲಿಲ್ಲ. ಕವಲೇದುರ್ಗದ ಕೋಟೆಗೋಡೆಯ ಮೇಲೆ ಹೃದಯ ಕೆತ್ತಿ ಹೆಸರು ಬರೆದು ಬಂದ ವಂಶ ನಮ್ಮದು.

ಆದರೆ ಆ ಮಕ್ಕಳನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಅವರಿಗೆ ಬೇರೆ ಬಾಗಿಲನ್ನು ತೋರಿಸಿದವರು ಯಾರು?

ನಮ್ಮ ಕಡೆ ತೋಟದ ದಾರಿಗೆ ದಣಪೆ ಇರುತ್ತದೆ. ಗಳುಗಳನ್ನು ಸರಿಸಿ ಇಟ್ಟಿದ್ದಾರೆ ಎಂದರೆ ‘ಬನ್ನಿ’ ಎಂದೇ ಅರ್ಥ. ಅಂಗಳದಲ್ಲಿ ಕಾಲಿಟ್ಟ ತಕ್ಷಣ ‘ಆಸರಿಗೆ ಏನು ಬೇಕು?’ ಎನ್ನುತ್ತಾರೆ, ಬೆಲ್ಲ ನೀರು ಬರುತ್ತದೆ, ಬಂದ ಕೆಲಸದ ಮಾತೆಲ್ಲ ಆಮೇಲೆ. ಮುಕ್ತ ತಂತ್ರಾಂಶದವರೂ ದಣಪೆ ತೆಗೆದೇ ಇಟ್ಟಿದ್ದಾರೆ. ನಾಯಿಯನ್ನು ಮಾತ್ರ ಕಟ್ಟಿಲ್ಲ. ಒಳಗೆ ಬಂದವನು ಒಂದು ಪ್ರಶ್ನೆ ಕೇಳಿದರೆ ‘ಕೈಪಿಡಿ ಓದು’ ಎಂದು ಬೊಗಳುತ್ತದೆ. ಮೂಲದಲ್ಲಿ ಕೈಪಿಡಿಗೆ ಒಂದು ವಿಶೇಷಣವೂ ಉಂಟು, ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ. ಹಾಗೆ ನೋಡಿದರೆ ಲಿನಕ್ಸ್ ಹುಟ್ಟಿದ್ದೇ ಆಸರಿಗೆ ಕೇಳುವುದರಿಂದ. 1991ರ ಆಗಸ್ಟ್ 25ರಂದು, ಇಪ್ಪತ್ತೊಂದು ವರ್ಷದ ಲಿನಸ್ ಟೊರ್ವಾಲ್ಡ್ಸ್, ಇದು ಬರೀ ಹವ್ಯಾಸ, ನಿಮಗೆ ಏನು ಬೇಕು ಹೇಳಿ ಎಂದು ಜನರನ್ನು ಕೇಳಿದ್ದ. ಅದೇ ಲಿನಸ್ 2018ರ ಸೆಪ್ಟೆಂಬರಿನಲ್ಲಿ, ಇಷ್ಟು ವರ್ಷ ಜನರ ಮೇಲೆ ಹರಿಹಾಯ್ದದ್ದಕ್ಕೆ ಕ್ಷಮೆ ಕೇಳಿ, ಇತರರ ಭಾವನೆ ಅರ್ಥಮಾಡಿಕೊಳ್ಳುವುದನ್ನು ಕಲಿಯಲು ರಜೆ ಹಾಕಬೇಕಾಯಿತು. ಇಪ್ಪತ್ತೇಳು ವರ್ಷ ಬೇಕಾಯಿತು ನೋಡಿ. ಅಡಿಕೆ ಸಸಿ ನೆಟ್ಟಿದ್ದರೆ ಅಷ್ಟರಲ್ಲಿ ಇಪ್ಪತ್ತು ಕೊಯ್ಲು ಆಗುತ್ತಿತ್ತು.

ಅಡಿಕೆ ಎಂದಾಗ ನೆನಪಾಯಿತು. ನಾನು ಆರನೇ ತರಗತಿಯಲ್ಲಿದ್ದಾಗ ಮುಯ್ಯಾಳುಗಳು ಸೇರಿ ಅಡಿಕೆ ಸುಲಿಯುವ ರಾತ್ರಿಯಲ್ಲಿ ಮೆಟ್ಟುಗತ್ತಿ ಬೇಕೆಂದು ಹಟ ಹಿಡಿದೆ. ಅಜ್ಜಿ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಸಿಪ್ಪೆಯ ರಾಶಿಯಲ್ಲಿ ತಪ್ಪಿಹೋದ ಅಡಿಕೆ ಹುಡುಕಿ ಕೊಡು ಎಂದಳು. ಹುಡುಕುತ್ತ ಹುಡುಕುತ್ತ ಹೋಳು ಯಾವುದು, ಇಡಿ ಯಾವುದು, ಕೊಳೆ ತಗುಲಿದ್ದು ಯಾವುದು ಎಂದು ಗೊತ್ತಾಯಿತು. ಮರುವರ್ಷ ಕತ್ತಿಯ ಮೇಲೆ ಕೂರಿಸಿದಳು. ಬೆರಳು ಕೊಯ್ದುಕೊಂಡೆ. ಕಾಫಿಪುಡಿ ಒತ್ತಿ, ಬಟ್ಟೆ ಸುತ್ತಿ, ಮತ್ತೆ ಕೂರಿಸಿದಳು. ಈಗ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ‘ಹೊಸಬರಿಗೆ ಸೂಕ್ತ’ ಎಂಬ ಚೀಟಿ ಅಂಟಿಸಿದ ಕೆಲಸಗಳನ್ನು ನೋಡುತ್ತೇನೆ. ಚೀಟಿ ಅಂಟಿಸಿದವರು ಪಕ್ಕದಲ್ಲಿ ಇರುವುದಿಲ್ಲ.

ಇಲ್ಲದ್ದಕ್ಕೆ ಕಾರಣವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಲೋಕವೆಲ್ಲ ಬಳಸುವ ಎಷ್ಟೋ ತಂತ್ರಾಂಶಗಳನ್ನು ಒಬ್ಬನೋ ಇಬ್ಬರೋ ಸಂಬಳವಿಲ್ಲದೆ, ರಾತ್ರಿ ಊಟವಾದ ಮೇಲೆ ಕುಳಿತು ಕಾಯುತ್ತಿದ್ದಾರೆ. ಫೈಲುಗಳನ್ನು ಕುಗ್ಗಿಸುವ, ಲಿನಕ್ಸಿನೊಳಗೆ ಎಲ್ಲೆಡೆ ಸೇರಿಕೊಂಡಿರುವ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದ ಪಾಲಕ ಹೀಗೆಯೇ ದಣಿದಿದ್ದ. ಜಿಯಾ ಟಾನ್ ಎಂಬ ಹೆಸರಿನ ಹೊಸಬ ಬಂದ, ವಿನಯವಂತ, ಎರಡು ವರ್ಷಕ್ಕೂ ಮೀರಿ ತಕರಾರಿಲ್ಲದೆ ದುಡಿದ, ಮನೆಯ ಕೀಲಿಕೈ ಪಡೆದ, ಕಳ್ಳಬಾಗಿಲು ಕೊರೆದ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಏಕೆ ಎಂದು ಕೆದಕದಿದ್ದರೆ ಎಲ್ಲರ ಮನೆಯೂ ಹೋಗುತ್ತಿತ್ತು. ನಿಜವಾಗಿ ಕಲಿಯಲು ಬಂದ ನೂರು ಮಕ್ಕಳು ಬೊಗಳಿಸಿಕೊಂಡು ಹಿಂದಿರುಗಿದರು. ತಾಳ್ಮೆಯಿಂದ ನಾಯಿಗೆ ಬಿಸ್ಕತ್ತು ಹಾಕಿದವನು ಕಳ್ಳನೊಬ್ಬನೇ.

ಕನ್ನಡದ ಕತೆಗೆ ಬರೋಣ. ತಂತ್ರಾಂಶಗಳನ್ನು ಕನ್ನಡಕ್ಕೆ ತರುವಾಗ ಫೈಲಿಗೆ ನಮ್ಮ ಅನುವಾದಕರು ಕಡತ ಎಂದರು, ಒಳ್ಳೆಯ ಪದ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಬಳಪದಲ್ಲಿ ಬರೆದು, ಬೇಡವಾದರೆ ಒರೆಸಿ ಮತ್ತೆ ಬರೆಯುತ್ತಿದ್ದ ಕಡತಗಳು ಮಲೆನಾಡಿನ ಮಠಮನೆಗಳಲ್ಲಿ ಇದ್ದವು. ಬಿಚ್ಚಿ ಓದಬಹುದು, ತಿದ್ದಬಹುದು, ಇದಕ್ಕಿಂತ ಮುಕ್ತವಾದದ್ದು ಯಾವುದಿದೆ? ಆದರೆ ಡೀಫಾಲ್ಟಿಗೆ, ಅಂದರೆ ನಾವೇನೂ ಆರಿಸದಿದ್ದಾಗ ತಾನಾಗಿ ಇರುವುದಕ್ಕೆ, ‘ಪೂರ್ವನಿಯೋಜಿತ’ ಎಂದದ್ದನ್ನು ಓದಿ ನನ್ನ ಅಕ್ಕನ ಮಗಳು, ‘ಮಾವ, ಇದು ಕೊಲೆ ಕೇಸಿನ ಪದವಲ್ಲವೇ?’ ಎಂದು ಕೇಳಿದಳು.

ಹೊಸನಗರದ ಹತ್ತಿರದ ಊರಿನವಳು ಅವಳು. ಒಂದು ತಂತ್ರಾಂಶದಲ್ಲಿ ಡಿಸ್ಕಿನ ಖಾಲಿ ಜಾಗಕ್ಕೆ ‘ಉಚಿತ ಜಾಗ’ ಎಂದು ಬರೆದಿರುವುದನ್ನು ಕಂಡಳು. ಮುಖ್ಯ ಅತಿಥಿಗಳಿಗೆ ಗೊತ್ತಾಗಿದ್ದರೆ ಸೈಟು ಹಂಚುತ್ತಿದ್ದಾರೆಂದು ಅರ್ಜಿ ಹಾಕುತ್ತಿದ್ದರು. ಉಚಿತ ಎಂಬುದನ್ನು ಖಾಲಿ ಎಂದು ತಿದ್ದಬೇಕು, ಒಂದು ಪದ. ಅದನ್ನು ಕಳುಹಿಸಲು ಅವಳು ಒಂದು ವಾರ, ತಿದ್ದುಪಡಿಗಳ ಲೆಕ್ಕ ಇಡುವ ಗಿಟ್ ಎಂಬ ಸಾಧನವನ್ನು ಕಲಿತಳು. ನೆಟ್‌ವರ್ಕ್ ಸಿಗುವ ಗುಡ್ಡವನ್ನು, ಜುಲೈ ಮಳೆಯಲ್ಲಿ, ಇಂಬಳ ಕೀಳುತ್ತ ಹತ್ತಿದಳು. ಒಂದು ಪದಕ್ಕೆ ಪುಟಗಟ್ಟಲೆ ಇಂಗ್ಲಿಷ್ ಕರಾರುಪತ್ರ ಒಪ್ಪಿಕೊಳ್ಳಬೇಕೆಂದರು, ಒಪ್ಪಿದಳು. ಎಂಟು ತಿಂಗಳು ಯಾರೂ ಉತ್ತರಿಸಲಿಲ್ಲ. ಕೊನೆಗೆ ಉತ್ತರಿಸಿದ್ದು ಯಂತ್ರ, ಬಹಳ ದಿನಗಳಿಂದ ಚಟುವಟಿಕೆ ಇಲ್ಲದ ಕಾರಣ ಇದನ್ನು ಮುಚ್ಚಲಾಗಿದೆ ಎಂದು. ಮುಕ್ತ ತಂತ್ರಾಂಶ ಅವಳಿಗೆ ಮುಕ್ತಾಯದ ಪತ್ರ ಕಳುಹಿಸಿತು.

ಇಲ್ಲಿ ನನಗೆ ನಗು ಬರುವುದಿಲ್ಲ. ಚಟುವಟಿಕೆ ಮಾಡಬೇಕಾಗಿದ್ದವರು ಯಾರು? ಅವಳು ಮಾಡಬೇಕಾದದ್ದನ್ನೆಲ್ಲ ಮಾಡಿದ್ದಳು. ಬೇಡ ಎಂದಾದರೂ ಒಬ್ಬ ಮನುಷ್ಯ ಬರೆಯಬಹುದಿತ್ತು. ಅವಳು ಈಗ ಬೇರೆ ಏನೋ ಕಲಿಯುತ್ತಿದ್ದಾಳೆ. ಉಚಿತ ಜಾಗ ಇವತ್ತಿಗೂ ಹಾಗೆಯೇ ಇದೆ.

ಕಾರ್ಯಾಗಾರದ ಕೊನೆಗೆ ಲಿನಕ್ಸ್ ಹಾಕಿಕೊಳ್ಳುವ ಪ್ರಯೋಗವಿತ್ತು. ಸಂಪನ್ಮೂಲ ವ್ಯಕ್ತಿ ‘ತುಂಬಾ ಸುಲಭ’ ಎಂದು ಹನ್ನೊಂದು ಸಲ ಹೇಳಿದರು, ನಾನು ಎಣಿಸಿದೆ. ಮಧ್ಯೆ ಕರೆಂಟ್ ಹೋಯಿತು. ಲಿಂಗನಮಕ್ಕಿಯ ನೀರು ಅಂದು ಯಾವ ಊರಿಗೆ ಬೆಳಕು ಕೊಡುತ್ತಿತ್ತೋ. ಕರೆಂಟ್ ಬಂದಾಗ ಬ್ಯಾಟರಿ ಸತ್ತಿದ್ದ ಒಬ್ಬ ಹುಡುಗನ ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಒಂದೇ ಸಾಲು, ಯಂತ್ರ ಶುರುವಾಗಲಾರದೆ ನಿಂತಾಗ ಬರುವ ‘ಗ್ರಬ್ ರೆಸ್ಕ್ಯೂ’. ರೆಸ್ಕ್ಯೂ ಎಂದರೆ ರಕ್ಷಣೆ. ಯಾರು ಯಾರನ್ನು ರಕ್ಷಿಸಬೇಕೆಂದು ಅದರಲ್ಲಿ ಬರೆದಿರಲಿಲ್ಲ.

‘ಸರ್, ಪ್ರಾಜೆಕ್ಟ್ ಇದರಲ್ಲೇ ಇತ್ತು’ ಎಂದ.

‘ಬ್ಯಾಕಪ್ ತೆಗೆದಿಟ್ಟುಕೊಳ್ಳಲಿಲ್ಲವೇನಪ್ಪಾ? ಕೈಪಿಡಿಯ ಮೊದಲ ಪುಟದಲ್ಲೇ ಇದೆಯಲ್ಲ’ ಎಂದು ಸಂಪನ್ಮೂಲ ವ್ಯಕ್ತಿಗಳು ವಂದನಾರ್ಪಣೆಗೆ ಹೊರಟರು.

ಸಂಜೆ ಬಸ್ ನಿಲ್ದಾಣದಲ್ಲಿ ಅವನು ಮತ್ತೆ ಸಿಕ್ಕ. ಸಾಗರದ ಬಸ್ಸಿಗೆ ಕಾಯುತ್ತಿದ್ದ. ಜಡಿಮಳೆ. ಲ್ಯಾಪ್‌ಟಾಪ್ ನೆನೆಯಬಾರದೆಂದು ಆ ಅತಿ ದೊಡ್ಡ ಟೀ ಶರ್ಟನ್ನು ಅದಕ್ಕೆ ಎರಡು ಸುತ್ತು ಸುತ್ತಿದ್ದ. ‘ಹೊಸಬರಿಗೆ’ ಎಂಬುದು ಮಡಿಕೆಯ ಒಳಗೆ ಹೋಗಿತ್ತು.